ಹೋಂ ಥಿಯೇಟರ್‌ಗಾಗಿ ಮಿತವ್ಯಯದ ಟವರ್ ಸ್ಪೀಕರ್‌ಗಳ ಆಯ್ಕೆ: ಗ್ರಾಹಕರಿಗೆ ಮಾಹಿತಿ

ಪೀಠಿಕೆ

ಟಿ.ವಿ. ಪರದೆಗಳು ದೊಡ್ಡದಾಗುತ್ತಾ ಬಂದಂತೆ ಅವುಗಳ ದಪ್ಪ ಕಡಿಮೆಯಾಗಿದ್ದು, ಒಳಗಿರುವ ಸ್ಪೀಕರ್‌ಗಳು ಅಂಗೈಗಿಂತಲೂ ಚಿಕ್ಕದಾಗಿವೆ. ಇದರ ಪರಿಣಾಮವಾಗಿ ಚಿತ್ರ ಸ್ಪಷ್ಟವಾಗಿದ್ದರೂ ಮಾತು ಸ್ಪಷ್ಟವಾಗಿ ಕೇಳಿಸದೆ, ಅನೇಕ ಕುಟುಂಬಗಳು ಹೋಂ ಥಿಯೇಟರ್ ವ್ಯವಸ್ಥೆಯನ್ನು ಖರೀದಿಸಲು ಮುಂದಾಗುತ್ತಿವೆ. ನೆಲದ ಮೇಲೆ ನಿಲ್ಲುವ ಎತ್ತರದ ಸ್ಪೀಕರ್‌ಗಳು, ಅಂದರೆ ವಾಡಿಕೆಯಲ್ಲಿ ಟವರ್ ಸ್ಪೀಕರ್‌ಗಳು, ಈ ವ್ಯವಸ್ಥೆಯಲ್ಲಿ ಕಣ್ಣಿಗೆ ಮೊದಲು ಬೀಳುವ ಹಾಗೂ ಹೆಚ್ಚು ಹಣ ಬೇಡುವ ಭಾಗವಾಗಿರುತ್ತವೆ. ಸಾಮಾನ್ಯ ಸಂಬಳದಾರರ ಮಟ್ಟಿಗೆ ಇದು ಹಲವು ತಿಂಗಳ ಉಳಿತಾಯದ ಬಾಬ್ತು. ಆದ್ದರಿಂದ ಖರೀದಿಗೆ ಮುನ್ನ ತಿಳಿದಿರಬೇಕಾದ ತಾಂತ್ರಿಕ ಅಂಶಗಳನ್ನೂ, ಖರೀದಿಯಲ್ಲಿ ಲೋಪವುಂಟಾದಲ್ಲಿ ಗ್ರಾಹಕರು ಪಡೆಯಬಹುದಾದ ಪರಿಹಾರವನ್ನೂ ಇಲ್ಲಿ ವಿವರಿಸಲಾಗಿದೆ. ಯಾವುದೇ ಕಂಪನಿಯ ಅಥವಾ ಮಾದರಿಯ ಪರವಾಗಿ ಶಿಫಾರಸು ಮಾಡುವುದು ಈ ಪುಟದ ಉದ್ದೇಶವಲ್ಲ.

ಒಂದೇ ಹೆಸರು, ಎರಡು ಬೇರೆ ವಸ್ತುಗಳು

ನಮ್ಮ ಮಾರುಕಟ್ಟೆಯಲ್ಲಿ ‘ಟವರ್ ಸ್ಪೀಕರ್’ ಎಂಬ ಒಂದೇ ಹೆಸರಿನಲ್ಲಿ ಎರಡು ಬಗೆಯ ವಸ್ತುಗಳು ಮಾರಾಟವಾಗುತ್ತಿವೆ. ಮೊದಲನೆಯದು, ತನ್ನೊಳಗೇ ಆಂಪ್ಲಿಫೈಯರ್ ಹೊಂದಿದ್ದು, ಗೋಡೆಯ ಪ್ಲಗ್ಗಿಗೆ ನೇರವಾಗಿ ಜೋಡಿಸುವಂತಹದ್ದು. ಇದರಲ್ಲಿ ಬ್ಲೂಟೂತ್, ಪೆನ್‌ಡ್ರೈವ್ ಕಿಂಡಿ, ಎಫ್.ಎಂ. ರೇಡಿಯೋ, ಬಣ್ಣದ ದೀಪ, ಕೆಲವೊಮ್ಮೆ ಹಾಡುವ ಮೈಕ್ ಸಹ ಇರುತ್ತವೆ. ಎರಡನೆಯದು, ಒಳಗೆ ಆಂಪ್ಲಿಫೈಯರ್ ಇಲ್ಲದ, ಹಿಂಬದಿಯಲ್ಲಿ ಕೆಂಪು ಮತ್ತು ಕಪ್ಪು ತಿರುಪುಗಳನ್ನು ಮಾತ್ರ ಹೊಂದಿರುವ ಪೆಟ್ಟಿಗೆ. ಇದು ಕೆಲಸ ಮಾಡಲು ಪ್ರತ್ಯೇಕವಾದ ಎ.ವಿ. ರಿಸೀವರ್ ಅಥವಾ ಆಂಪ್ಲಿಫೈಯರ್ ಅವಶ್ಯಕ.

ಮೊದಲನೆಯ ಬಗೆಯನ್ನು ಮುಂದೆ ಐದು ಸ್ಪೀಕರ್ ಮತ್ತು ಒಂದು ಸಬ್‌ವೂಫರ್‌ನ, ಅಂದರೆ 5.1 ವ್ಯವಸ್ಥೆಗೆ ವಿಸ್ತರಿಸಲು ಸಾಮಾನ್ಯವಾಗಿ ಸಾಧ್ಯವಿಲ್ಲ. ರಿಸೀವರ್‌ನ ಸ್ಪೀಕರ್ ತಂತಿಯನ್ನು ಇದರ ಆಡಿಯೋ ಕಿಂಡಿಗೆ ಜೋಡಿಸಿದಲ್ಲಿ ಉಪಕರಣವು ಕೆಡುವ ಸಂಭವವೂ ಇದೆ. ಟಿ.ವಿ.ಗೆ ಬ್ಲೂಟೂತ್ ಮೂಲಕ ಜೋಡಿಸಿದರೆ ತುಟಿಯ ಚಲನೆಗೂ ಮಾತಿಗೂ ಹೊಂದಾಣಿಕೆ ತಪ್ಪಬಹುದಾದ್ದರಿಂದ ಎಚ್.ಡಿ.ಎಂ.ಐ. ಎ.ಆರ್.ಸಿ. ಅಥವಾ ಆಪ್ಟಿಕಲ್ ಕಿಂಡಿ ಇರುವುದನ್ನು ಖಚಿತಪಡಿಸಿಕೊಳ್ಳುವುದು ಸೂಕ್ತ. ಹಾಡು ಕೇಳುವುದೇ ಮುಖ್ಯವಾಗಿದ್ದು, ಆಗಾಗ ಚಲನಚಿತ್ರ ನೋಡುವವರಿಗೆ ಇದು ಸಾಕಾಗಬಹುದು. ಅದನ್ನು ಕೀಳೆಂದು ಭಾವಿಸಬೇಕಾಗಿಲ್ಲ. ಆದರೆ ಮುಂದೆ ವಿಸ್ತರಿಸುವ ಉದ್ದೇಶದಿಂದ ಖರೀದಿಸುವವರು ಎರಡನೆಯ ಬಗೆಯನ್ನೇ ಆರಿಸತಕ್ಕದ್ದು. ಈ ಪುಟದ ಉಳಿದ ಭಾಗವು ಮುಖ್ಯವಾಗಿ ಅದಕ್ಕೆ ಸಂಬಂಧಿಸಿರುತ್ತದೆ.

ವಾಟ್ ಎಂಬ ಅಂಕಿ

ಗ್ರಾಹಕರು ಅತಿ ಹೆಚ್ಚು ಮೋಸಹೋಗುವುದು ಈ ಅಂಕಿಯಿಂದ. ಪೆಟ್ಟಿಗೆಯ ಮೇಲೆ ‘5,000 ವಾಟ್ ಪಿ.ಎಂ.ಪಿ.ಒ.’ ಎಂದು ದೊಡ್ಡ ಅಕ್ಷರದಲ್ಲಿ ಮುದ್ರಿತವಾಗಿರುವುದನ್ನು ಪರಿಗಣಿಸೋಣ. ಪಿ.ಎಂ.ಪಿ.ಒ. ಎಂಬುದಕ್ಕೆ ಒಪ್ಪಿತವಾದ ಅಳತೆಯ ಕ್ರಮವೇ ಇಲ್ಲ. ತಯಾರಕರು ತಮಗೆ ತೋಚಿದ ಅಂಕಿಯನ್ನು ಬರೆಯಬಹುದಾಗಿದೆ. ಇದನ್ನು ಪರೀಕ್ಷಿಸಲು ಎಂಜಿನಿಯರ್ ಆಗಬೇಕಾಗಿಲ್ಲ. ಮನೆಯ 5 ಆಂಪಿಯರ್ ಪ್ಲಗ್ಗಿನಿಂದ 230 ವೋಲ್ಟ್‌ನಲ್ಲಿ ನಿರಂತರವಾಗಿ ಪಡೆಯಬಹುದಾದ ವಿದ್ಯುತ್ತು ಹೆಚ್ಚೆಂದರೆ 1,150 ವಾಟ್. ಒಳಗೆ ಬಾರದ್ದು ಹೊರಗೆ ಹೋಗಲಾರದು. ಉಪಕರಣದ ಹಿಂಬದಿಯ ಫಲಕದಲ್ಲಿ ಚಿಕ್ಕ ಅಕ್ಷರಗಳಲ್ಲಿ ಮುದ್ರಿಸಿರುವ ವಿದ್ಯುತ್ ಬಳಕೆಯ ಅಂಕಿಯನ್ನು ಓದಿದಲ್ಲಿ, ಉದಾಹರಣೆಗೆ ಅದು 60 ವಾಟ್ ಎಂದಿದ್ದಲ್ಲಿ, ಮುಂಬದಿಯ 5,000ದ ಬೆಲೆ ಏನೆಂಬುದು ತಾನಾಗಿಯೇ ತಿಳಿಯುತ್ತದೆ. ಆರ್.ಎಂ.ಎಸ್. ಎಂದು ನಮೂದಿಸಿರುವ ಅಂಕಿಯನ್ನು ಮಾತ್ರ ಹೋಲಿಕೆಗೆ ತೆಗೆದುಕೊಳ್ಳತಕ್ಕದ್ದು.

ಇನ್ನು ಆಂಪ್ಲಿಫೈಯರ್ ಇಲ್ಲದ ಟವರ್‌ಗಳ ಮೇಲೆ ಬರೆದಿರುವ ವಾಟ್, ಆ ಪೆಟ್ಟಿಗೆಯ ಶಕ್ತಿಯಲ್ಲ. ಅದು ತಡೆದುಕೊಳ್ಳಬಲ್ಲ ಮಿತಿ ಮಾತ್ರ. ಇಲ್ಲಿ ಗಮನಿಸಬೇಕಾದ ನಿಜವಾದ ಅಂಕಿ ಸೆನ್ಸಿಟಿವಿಟಿ ಎಂಬುದು. ನಿಗದಿತ 2.83 ವೋಲ್ಟ್ ನೀಡಿದಾಗ ಒಂದು ಮೀಟರ್ ದೂರದಲ್ಲಿ ಎಷ್ಟು ಡೆಸಿಬಲ್ ಶಬ್ದ ಬರುತ್ತದೆ ಎಂಬುದನ್ನು ಇದು ತಿಳಿಸುತ್ತದೆ. ಪ್ರತಿ 3 ಡೆಸಿಬಲ್ ಹೆಚ್ಚಳಕ್ಕೆ ಆಂಪ್ಲಿಫೈಯರ್‌ನ ಶಕ್ತಿ ಎರಡು ಪಟ್ಟಾಗಬೇಕು. ಹಾಗಾಗಿ 91 ಡೆಸಿಬಲ್‌ನ ಸ್ಪೀಕರ್ 10 ವಾಟ್‌ನಲ್ಲಿ ನೀಡುವ ಶಬ್ದವನ್ನು 85 ಡೆಸಿಬಲ್‌ನ ಸ್ಪೀಕರ್ ನೀಡಲು 40 ವಾಟ್ ಬೇಕಾಗುತ್ತದೆ. ಕಡಿಮೆ ಬೆಲೆಯ ರಿಸೀವರ್ ಇರುವವರಿಗೆ 88 ಡೆಸಿಬಲ್ ಅಥವಾ ಅದಕ್ಕಿಂತ ಹೆಚ್ಚಿನದು ಅನುಕೂಲಕರ. ಸಾಧಾರಣ ಕೊಠಡಿಯಲ್ಲಿ ಅಂತಹ ಜೋಡಿಯು ಕೆಲವೇ ವಾಟ್‌ಗಳಲ್ಲಿ ಮನೆಮಂದಿಗೆ ಸಾಕೆನಿಸುವಷ್ಟು ಶಬ್ದ ನೀಡುತ್ತದೆ ಎಂಬುದನ್ನು ಮಾರಾಟಗಾರರು ಸಾಮಾನ್ಯವಾಗಿ ಹೇಳುವುದಿಲ್ಲ.

ಇದರಲ್ಲಿಯೂ ಒಂದು ಸೂಕ್ಷ್ಮವಿದೆ. 2.83 ವೋಲ್ಟ್ ಎಂಬುದು 8 ಓಮ್ ಸ್ಪೀಕರ್‌ಗೆ 1 ವಾಟ್ ಆದರೆ, 4 ಓಮ್ ಸ್ಪೀಕರ್‌ಗೆ 2 ವಾಟ್ ಆಗುತ್ತದೆ. ಅಂದರೆ 4 ಓಮ್ ಸ್ಪೀಕರ್‌ನ ಅಂಕಿಯಲ್ಲಿ 3 ಡೆಸಿಬಲ್ ಹೆಚ್ಚಳವು ಕೇವಲ ಲೆಕ್ಕದ ಹೆಚ್ಚಳ. ಜೊತೆಗೆ ಕೆಲವು ಕಡಿಮೆ ಬೆಲೆಯ ರಿಸೀವರ್‌ಗಳು 4 ಓಮ್ ಸ್ಪೀಕರ್‌ಗಳಿಗೆ ಹೊಂದುವುದಿಲ್ಲ. ರಿಸೀವರ್‌ನ ಹಿಂಬದಿಯಲ್ಲಿ ಕನಿಷ್ಠ ಓಮ್ ಎಷ್ಟೆಂದು ಮುದ್ರಿತವಾಗಿರುತ್ತದೆ. ಅದನ್ನು ಓದದೆ ಸ್ಪೀಕರ್ ಖರೀದಿಸಬಾರದು.

ಆವರ್ತನ ವ್ಯಾಪ್ತಿಯ ವಿಷಯದಲ್ಲಿ, ‘45 ಹರ್ಟ್ಸ್‌ನಿಂದ 20 ಕಿಲೋಹರ್ಟ್ಸ್’ ಎಂಬ ಬರಹದ ಮುಂದೆ ‘± 3 ಡೆಸಿಬಲ್’ ಎಂಬಂತೆ ಏರಿಳಿತದ ಮಿತಿ ನಮೂದಾಗಿದ್ದರೆ ಮಾತ್ರ ಅದಕ್ಕೆ ಅರ್ಥವಿರುತ್ತದೆ. ಮಿತಿಯನ್ನು ಹೇಳದ ವ್ಯಾಪ್ತಿಯನ್ನು ನಂಬಬೇಕಾಗಿಲ್ಲ.

ಟವರ್ ನಿಜವಾಗಿಯೂ ಬೇಕೆ?

ಈ ಪ್ರಶ್ನೆಯನ್ನು ಮೊದಲು ಮನೆಯ ಕೊಠಡಿಗೆ ಕೇಳಬೇಕು. ನಗರಗಳ ಅನೇಕ ಮನೆಗಳಲ್ಲಿ ಟಿ.ವಿ. ಇರುವ ಹಜಾರವು 10 ಅಡಿ ಅಗಲ, 12 ಅಡಿ ಉದ್ದದ ಆಸುಪಾಸಿನಲ್ಲಿರುತ್ತದೆ. ಮುಚ್ಚಿದ ಕೊಠಡಿಯಲ್ಲಿ ಎದುರುಬದುರಿನ ಗೋಡೆಗಳ ನಡುವೆ ಕೆಲವು ತಗ್ಗು ಸ್ವರಗಳು ಸಿಲುಕಿಕೊಂಡು ಗುಂಯ್‌ಗುಡುತ್ತವೆ. 12 ಅಡಿಯ ಉದ್ದಕ್ಕೆ ಇದು ಸುಮಾರು 47 ಹರ್ಟ್ಸ್‌ನಲ್ಲಿಯೂ, 10 ಅಡಿಯ ಅಗಲಕ್ಕೆ ಸುಮಾರು 56 ಹರ್ಟ್ಸ್‌ನಲ್ಲಿಯೂ ಉಂಟಾಗುತ್ತದೆ. ಟವರ್‌ಗಳು ಬಲವಾಗಿ ನುಡಿಸುವ ಸ್ವರಗಳೂ ಇವೇ ಆಗಿರುವುದರಿಂದ, ಅಂಗಡಿಯ ವಿಶಾಲ ಕೊಠಡಿಯಲ್ಲಿ ಇಂಪಾಗಿದ್ದ ಸ್ಪೀಕರ್ ಮನೆಯಲ್ಲಿ ಕಿವಿಗೆ ಭಾರವೆನಿಸಬಹುದು. ದೋಷ ಸ್ಪೀಕರ್‌ನದಲ್ಲ. ಹಿಂಬದಿಯಲ್ಲಿ ಗಾಳಿಯ ಕೊಳವೆ ಇರುವ ಟವರ್‌ಗಳನ್ನು ಗೋಡೆಗೆ ಒರಗಿಸಿ ಇಟ್ಟಲ್ಲಿ ಈ ತೊಂದರೆ ಇಮ್ಮಡಿಯಾಗುತ್ತದೆ. ಕನಿಷ್ಠ ಒಂದರಿಂದ ಒಂದೂವರೆ ಅಡಿ ಅಂತರ ಬಿಡಲು ಸ್ಥಳವಿಲ್ಲದವರು ಮುಂಬದಿಯಲ್ಲಿ ಕೊಳವೆ ಇರುವ ಮಾದರಿಯನ್ನು ನೋಡಬಹುದು. ಷೋಕೇಸಿನ ಗೂಡಿನೊಳಗೆ ಟವರ್ ಇಡುವುದಂತೂ ಹಣವನ್ನು ಪೆಟ್ಟಿಗೆಯಲ್ಲಿಟ್ಟು ಮುಚ್ಚಿದಂತೆಯೇ ಸರಿ.

ಮತ್ತೊಂದು ಅಂಶವೂ ಇದೆ. ಸಬ್‌ವೂಫರ್ ಇರುವ ವ್ಯವಸ್ಥೆಯಲ್ಲಿ ರಿಸೀವರ್‌ಗಳು ಸಾಮಾನ್ಯವಾಗಿ 80 ಹರ್ಟ್ಸ್‌ಗಿಂತ ತಗ್ಗಿನ ಸ್ವರಗಳನ್ನು ಅದಕ್ಕೇ ಕಳುಹಿಸುವಂತೆ ಹೊಂದಿಸಲ್ಪಡುತ್ತವೆ. ಹಾಗೆ ಹೊಂದಿಸಿದಾಗ ಟವರ್‌ಗೆ ತಗ್ಗುಸ್ವರದ ಕೆಲಸವೇ ಕಡಿಮೆ. ಚಿಕ್ಕ ಕೊಠಡಿಯಲ್ಲಿ ಸಬ್‌ವೂಫರ್ ಸಹಿತವಾದ ಎರಡು ಬುಕ್‌ಶೆಲ್ಫ್ ಸ್ಪೀಕರ್‌ಗಳು ಅಷ್ಟೇ ಫಲ ನೀಡುತ್ತವೆ ಎಂಬುದು ಈ ಶಾಖೆಯ ಅಭಿಪ್ರಾಯ. ಆದರೆ ಅವುಗಳಿಗೆ ಸ್ಟ್ಯಾಂಡ್ ಬೇಕು. ಸ್ಟ್ಯಾಂಡ್‌ನ ಬೆಲೆ ಸೇರಿಸಿದಾಗ ಟವರ್‌ಗೂ ಅದಕ್ಕೂ ಅಂತರ ಹೆಚ್ಚಿರುವುದಿಲ್ಲ, ನೆಲದ ಮೇಲಿನ ಸ್ಥಳವೂ ಬಹುತೇಕ ಅಷ್ಟೇ. ಸಬ್‌ವೂಫರ್ ಕೊಳ್ಳಲು ಸದ್ಯಕ್ಕೆ ಹಣವಿಲ್ಲದವರಿಗೆ, ಎರಡೇ ಸ್ಪೀಕರ್‌ಗಳಲ್ಲಿ ಸಂಗೀತ ಕೇಳುವವರಿಗೆ, ಹಾಗೂ 15 ಅಡಿಗಿಂತ ಉದ್ದದ ಹಜಾರವಿರುವವರಿಗೆ ಟವರ್ ಸೂಕ್ತ ಆಯ್ಕೆ.

ಹಣದ ಹಂಚಿಕೆ

ಲೆಕ್ಕದ ಸೌಕರ್ಯಕ್ಕಾಗಿ ಒಟ್ಟು ರೂ. 1,00,000 ಮೀಸಲಿಟ್ಟಿರುವ ಕುಟುಂಬವೊಂದನ್ನು ಊಹಿಸಿಕೊಳ್ಳಬಹುದು. ರಿಸೀವರ್‌ಗೆ ರೂ. 35,000, ಟವರ್ ಜೋಡಿಗೆ ರೂ. 30,000, ಮಧ್ಯದ ಸ್ಪೀಕರ್‌ಗೆ ರೂ. 10,000, ಹಿಂದಿನ ಎರಡು ಸ್ಪೀಕರ್‌ಗಳಿಗೆ ರೂ. 9,000, ಸಬ್‌ವೂಫರ್‌ಗೆ ರೂ. 14,000, ತಂತಿ ಇತ್ಯಾದಿಗೆ ರೂ. 2,000 ಎಂದು ಹಂಚಿದಲ್ಲಿ ಲೆಕ್ಕ ಸರಿಹೊಂದುತ್ತದೆ. ಇವು ಮಾರುಕಟ್ಟೆಯ ದರಗಳಲ್ಲ, ಹಂಚಿಕೆಯ ಮಾದರಿ ಮಾತ್ರ. ಅಂಗಡಿಯಲ್ಲಿ ಮನಸ್ಸು ಬದಲಾಗಿ ರೂ. 55,000 ಬೆಲೆಯ ಟವರ್ ಜೋಡಿಯನ್ನು ಆರಿಸಿದರೆ ಹೆಚ್ಚುವರಿ ರೂ. 25,000 ಎಲ್ಲಿಂದಾದರೂ ಬರಬೇಕು. ಅದು ಮಧ್ಯದ ಸ್ಪೀಕರ್ ಮತ್ತು ಸಬ್‌ವೂಫರ್ ಎರಡರ ಒಟ್ಟು ಬೆಲೆಗಿಂತಲೂ ಒಂದು ಸಾವಿರ ಹೆಚ್ಚು. ವಾಸ್ತವದಲ್ಲಿ ಕೈಬಿಟ್ಟುಹೋಗುವುದೂ ಅವೇ.

ಹೀಗೆ ಮಾಡುವುದು ತಪ್ಪು. 5.1 ಧ್ವನಿಯ ಚಲನಚಿತ್ರಗಳಲ್ಲಿ ಸಂಭಾಷಣೆಯ ಬಹುಭಾಗವು ಮಧ್ಯದ ಸ್ಪೀಕರ್‌ನಿಂದಲೇ ಬರುತ್ತದೆ. ಮನೆಯ ಹಿರಿಯರಿಗೆ ಮಾತು ಕೇಳಿಸಬೇಕೆಂಬುದೇ ಖರೀದಿಯ ಉದ್ದೇಶವಾಗಿದ್ದಲ್ಲಿ, ಟವರ್‌ಗಿಂತ ಮಧ್ಯದ ಸ್ಪೀಕರ್ ಮುಖ್ಯ. ಅದು ಸಾಧ್ಯವಾದಷ್ಟೂ ಟವರ್‌ಗಳ ಶ್ರೇಣಿಗೇ ಸೇರಿದ್ದಾಗಿರಬೇಕು. ಇಲ್ಲವಾದಲ್ಲಿ ಪಾತ್ರವು ಪರದೆಯ ಎಡದಿಂದ ಬಲಕ್ಕೆ ನಡೆದಾಗ ದನಿಯ ಬಣ್ಣ ಬದಲಾದಂತೆ ಕೇಳಿಸುತ್ತದೆ. ಎಲ್ಲವನ್ನೂ ಒಮ್ಮೆಗೇ ಖರೀದಿಸುವ ಅಗತ್ಯವಿಲ್ಲ. ರಿಸೀವರ್ ಮತ್ತು ಮುಂದಿನ ಜೋಡಿಯನ್ನು ಮೊದಲು, ಮಧ್ಯದ್ದನ್ನು ನಂತರ, ಉಳಿದದ್ದನ್ನು ಅನುಕೂಲವಾದಾಗ ಖರೀದಿಸಬಹುದು. ಮಧ್ಯದ ಸ್ಪೀಕರ್ ಇಲ್ಲದ ಅವಧಿಯಲ್ಲಿ ‘ಸೆಂಟರ್ ಇಲ್ಲ’ ಎಂದು ರಿಸೀವರ್‌ನಲ್ಲಿ ಹೊಂದಿಸಿದರೆ ಸಂಭಾಷಣೆಯು ಎರಡು ಟವರ್‌ಗಳಿಗೂ ಸಮನಾಗಿ ಹಂಚಿಕೆಯಾಗುತ್ತದೆ.

ತಂತಿಗಾಗಿ ಅಲಂಕಾರದ ಬೆಲೆ ತೆರುವ ಅಗತ್ಯವಿಲ್ಲ. 8 ಓಮ್ ಸ್ಪೀಕರ್‌ಗಳಿಗೆ, ಮನೆಯೊಳಗಿನ ಸಾಮಾನ್ಯ ದೂರಕ್ಕೆ, ಒಂದೂವರೆ ಚದರ ಮಿಲಿಮೀಟರ್‌ನ ಶುದ್ಧ ತಾಮ್ರದ ಎರಡು ಎಳೆಯ ತಂತಿ ಸಾಕು. ತಾಮ್ರದ ಲೇಪನವಿರುವ ಅಲ್ಯೂಮಿನಿಯಂ ತಂತಿಯನ್ನು ತಾಮ್ರವೆಂದೇ ಮಾರುವುದುಂಟು. ತುದಿಯನ್ನು ಬ್ಲೇಡಿನಿಂದ ಕೆರೆದು ನೋಡಿದರೆ ಒಳಗಿನ ಬೆಳ್ಳಗಿನ ಲೋಹ ಕಾಣುತ್ತದೆ.

ಅಂಗಡಿಯಲ್ಲಿ ಕೇಳಿ ನೋಡುವ ಕ್ರಮ

ತಮಗೆ ಚಿರಪರಿಚಿತವಾದ ಎರಡು ಮೂರು ಹಾಡುಗಳನ್ನು ಮತ್ತು ಮಾತು ಹೆಚ್ಚಾಗಿರುವ ಒಂದು ದೃಶ್ಯವನ್ನು ತಾವೇ ಕೊಂಡೊಯ್ಯತಕ್ಕದ್ದು. ಅಂಗಡಿಯವರು ಹಾಕುವ ಸ್ಫೋಟ, ಗುಡುಗು ಮತ್ತು ಹೆಲಿಕಾಪ್ಟರ್ ದೃಶ್ಯಗಳಲ್ಲಿ ಎಲ್ಲ ಸ್ಪೀಕರ್‌ಗಳೂ ಚೆನ್ನಾಗಿಯೇ ಕೇಳಿಸುತ್ತವೆ. ಎರಡು ಸ್ಪೀಕರ್‌ಗಳನ್ನು ಹೋಲಿಸುವಾಗ ಶಬ್ದದ ಮಟ್ಟ ಸಮನಾಗಿರಬೇಕು. ಸ್ವಲ್ಪವೇ ಜೋರಾಗಿರುವುದು ಹೆಚ್ಚು ಉತ್ತಮವೆಂದು ಕಿವಿ ಭ್ರಮಿಸುತ್ತದೆ. ಬಾಸ್, ಟ್ರೆಬಲ್ ಗುಂಡಿಗಳನ್ನು ಮಧ್ಯಸ್ಥಾನದಲ್ಲಿರಿಸಲು ಕೋರಬೇಕು. ಕಡಿಮೆ ಶಬ್ದದಲ್ಲಿಯೂ ಮಾತಿನ ಸ, ಶ, ಷ ಅಕ್ಷರಗಳು ಕಿವಿಗೆ ಚುಚ್ಚದೆ ಬಿಡಿಬಿಡಿಯಾಗಿ ಕೇಳಿಸಿದಲ್ಲಿ ಅದು ಒಳ್ಳೆಯ ಲಕ್ಷಣ. ಅರ್ಧ ಗಂಟೆ ಕೇಳಿದ ನಂತರ ತಲೆನೋವು ಬಂದಲ್ಲಿ ಆ ಸ್ಪೀಕರ್ ಎಷ್ಟೇ ರಿಯಾಯಿತಿ ದರದಲ್ಲಿದ್ದರೂ ಬೇಡ.

ಗೋದಾಮಿನಲ್ಲಿ ಉಳಿದುಹೋದ ದುಬಾರಿ ಸ್ಪೀಕರ್ ಎಂದು ಹೇಳಿ, ವಾಹನದಲ್ಲಿಟ್ಟುಕೊಂಡು ಅರ್ಧ ಬೆಲೆಗೆ ಮಾರುವ ವಂಚನೆಯು ಅಮೆರಿಕ ಮತ್ತು ಯೂರೋಪಿನಲ್ಲಿ ದಶಕಗಳಿಂದ ಕುಖ್ಯಾತವಾಗಿದೆ. ಅಂಗಡಿಯ ವಿಳಾಸವಿಲ್ಲದ ಮಾರಾಟಗಾರರಿಂದ ಎಲ್ಲಿಯೂ ಖರೀದಿಸಬಾರದು.

ಪೆಟ್ಟಿಗೆಯ ಮೇಲಿನ ವಿವರ ಮತ್ತು ಬಿಲ್ಲು

ಕಾನೂನು ಮಾಪನಶಾಸ್ತ್ರ (ಪೊಟ್ಟಣ ಸಾಮಗ್ರಿಗಳು) ನಿಯಮಗಳು, 2011ರ ಮೇರೆಗೆ ಪೊಟ್ಟಣದ ಮೇಲೆ ತಯಾರಕರ ಅಥವಾ ಆಮದುದಾರರ ಹೆಸರು ಮತ್ತು ವಿಳಾಸ, ಆಮದಾದ ವಸ್ತುವಾಗಿದ್ದಲ್ಲಿ ಮೂಲ ದೇಶ, ವಸ್ತುವಿನ ಹೆಸರು, ಸಂಖ್ಯೆ, ತಯಾರಾದ ತಿಂಗಳು ಮತ್ತು ವರ್ಷ, ಎಲ್ಲ ತೆರಿಗೆಗಳನ್ನು ಒಳಗೊಂಡ ಗರಿಷ್ಠ ಚಿಲ್ಲರೆ ಮಾರಾಟ ಬೆಲೆ ಹಾಗೂ ದೂರಿಗಾಗಿ ಸಂಪರ್ಕ ವಿವರ ಇರತಕ್ಕದ್ದು. ಇವುಗಳಲ್ಲಿ ‘ಸಂಖ್ಯೆ’ ಎಂಬುದನ್ನು ಯಾರೂ ಓದುವುದಿಲ್ಲ. ಟವರ್‌ಗಳನ್ನು ಕೆಲವರು ಜೋಡಿಯಾಗಿಯೂ ಕೆಲವರು ಒಂದೊಂದಾಗಿಯೂ ಮಾರುತ್ತಾರೆ. ಜಾಹೀರಾತಿನಲ್ಲಿ ಜೋಡಿಯ ಚಿತ್ರವಿದ್ದು, ಬೆಲೆ ಒಂದರದ್ದಾಗಿರುವುದುಂಟು. ಹಣ ಪಾವತಿಸುವ ಮುನ್ನ ಇದನ್ನು ಖಚಿತಪಡಿಸಿಕೊಳ್ಳಬೇಕು. ಗರಿಷ್ಠ ಬೆಲೆಯ ಮೇಲೆ ಜಿ.ಎಸ್.ಟಿ. ಪ್ರತ್ಯೇಕವೆಂದು ಹೇಳಿ ಹೆಚ್ಚು ಹಣ ಕೇಳಲು ಅವಕಾಶವಿರುವುದಿಲ್ಲ.

ಬಿಲ್ಲಿನ ವಿಷಯದಲ್ಲಿ, ಈ ಮಾಹಿತಿಯನ್ನು ಸಿದ್ಧಪಡಿಸಿದ ಅಧಿಕಾರಿಯು ವಾಣಿಜ್ಯ ಪದವೀಧರನಾಗಿದ್ದೂ ಒಮ್ಮೆ ತಪ್ಪು ಮಾಡಿರುವುದನ್ನು ಇಲ್ಲಿ ದಾಖಲಿಸುವುದು ಅನುಚಿತವಾಗಲಾರದು. ಬಿಲ್ಲು ಬೇಡವೆಂದರೆ ಎರಡು ಸಾವಿರ ರೂಪಾಯಿ ಕಡಿಮೆಯೆಂದು ಅಂಗಡಿಯವರು ತಿಳಿಸಿದಾಗ, ‘ಎಸ್ಟಿಮೇಟ್’ ಎಂದು ಬರೆದ ಚೀಟಿಯನ್ನೇ ಪಡೆದು ಟವರ್ ಜೋಡಿಯನ್ನು ಮನೆಗೆ ತರಲಾಯಿತು. ಐದನೆಯ ತಿಂಗಳಿನಲ್ಲಿ ಎಡಗಡೆಯ ಟವರ್‌ನಿಂದ ಕರಕರ ಶಬ್ದ ಆರಂಭವಾಯಿತು. ತಯಾರಕರ ಸೇವಾ ಕೇಂದ್ರವು ಬಿಲ್ಲು ಕೇಳಿತು. ಅಂಗಡಿಯವರು ಆ ಚೀಟಿ ತಮ್ಮದೆಂಬುದನ್ನೇ ಒಪ್ಪಲಿಲ್ಲ. ದುರಸ್ತಿಗೆ ತಗುಲಿದ ವೆಚ್ಚ ರೂ. 6,500. ಉಳಿಸಿದ ಎರಡು ಸಾವಿರವನ್ನು ಇದರಲ್ಲಿ ಕಳೆದುಕೊಳ್ಳಬಹುದು.

ಆದ್ದರಿಂದ ಜಿ.ಎಸ್.ಟಿ. ಸಂಖ್ಯೆ, ಮಾದರಿಯ ಹೆಸರು ಮತ್ತು ಎರಡೂ ಪೆಟ್ಟಿಗೆಗಳ ಕ್ರಮ ಸಂಖ್ಯೆ ಇರುವ ಬಿಲ್ಲನ್ನೇ ಪಡೆಯತಕ್ಕದ್ದು. ಗ್ರಾಹಕ ಸಂರಕ್ಷಣಾ ಅಧಿನಿಯಮ, 2019ರ ಮೇರೆಗೆ ಬಿಲ್ಲು ನೀಡದಿರುವುದು ಅನುಚಿತ ವ್ಯಾಪಾರ ಪದ್ಧತಿಯಾಗಿರುತ್ತದೆ. ದೋಷಯುಕ್ತ ವಸ್ತುವನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳಿಲ್ಲದಿದ್ದಲ್ಲಿ 30 ದಿನಗಳೊಳಗೆ, ಹಿಂಪಡೆಯಲು ನಿರಾಕರಿಸುವುದೂ ಹಾಗೆಯೇ. ‘ಒಮ್ಮೆ ಮಾರಿದ ವಸ್ತುವನ್ನು ವಾಪಸು ಪಡೆಯಲಾಗುವುದಿಲ್ಲ’ ಎಂಬ ಫಲಕ ತೂಗುಹಾಕಿದ ಮಾತ್ರಕ್ಕೆ ಈ ಹೊಣೆ ತಪ್ಪುವುದಿಲ್ಲ. ಆನ್‌ಲೈನ್ ಮೂಲಕ ಖರೀದಿಸಿದಲ್ಲಿ ಗ್ರಾಹಕ ಸಂರಕ್ಷಣಾ (ಇ-ವಾಣಿಜ್ಯ) ನಿಯಮಗಳು, 2020 ಅನ್ವಯವಾಗುತ್ತವೆ. ಸಂಸ್ಥೆಯ ಕುಂದುಕೊರತೆ ಅಧಿಕಾರಿಯು ದೂರಿಗೆ 48 ಗಂಟೆಗಳೊಳಗೆ ಸ್ವೀಕೃತಿ ನೀಡಿ, ಒಂದು ತಿಂಗಳೊಳಗೆ ಇತ್ಯರ್ಥಪಡಿಸತಕ್ಕದ್ದು. ಪೆಟ್ಟಿಗೆ ಬಿಚ್ಚುವುದನ್ನು ಮೊಬೈಲ್‌ನಲ್ಲಿ ಚಿತ್ರೀಕರಿಸಿಕೊಳ್ಳುವುದು ಮುಂದೆ ಸಾಕ್ಷ್ಯವಾಗಿ ಉಪಯುಕ್ತ. ಅನಧಿಕೃತ ಆಮದುದಾರರಿಂದ ಕೊಂಡ ವಸ್ತುವಿಗೆ ತಯಾರಕರು ಭಾರತದಲ್ಲಿ ವಾರಂಟಿ ನಿರಾಕರಿಸುವ ಸಂಭವವಿದೆ.

ಮನೆಯಲ್ಲಿ ಇರಿಸುವ ವಿಧಾನ

ಎರಡು ಟವರ್‌ಗಳು ಮತ್ತು ಕುಳಿತುಕೊಳ್ಳುವ ಸ್ಥಳ ಇವು ಮೂರೂ ಸಮಬಾಹು ತ್ರಿಕೋನದ ಮೂಲೆಗಳಾಗುವಂತೆ ಇರಿಸುವುದು ಉತ್ತಮ ಆರಂಭ. ಟ್ವೀಟರ್ ಕಿವಿಯ ಮಟ್ಟಕ್ಕಿರಬೇಕು. ಕೆಂಪು ತಿರುಪಿಗೆ ಕೆಂಪು, ಕಪ್ಪಿಗೆ ಕಪ್ಪು ಜೋಡಿಸಬೇಕು. ಒಂದರಲ್ಲಿ ಅದಲುಬದಲಾದರೂ ತಗ್ಗುಸ್ವರ ಮಾಯವಾಗುತ್ತದೆ, ಇದನ್ನು ದೋಷವೆಂದು ಭಾವಿಸಿ ದೂರು ನೀಡುವವರೂ ಇದ್ದಾರೆ. ನುಣುಪಾದ ನೆಲಹಾಸಿನ ಮೇಲೆ ಪ್ರತಿಧ್ವನಿ ಹೆಚ್ಚಾಗಿದ್ದಲ್ಲಿ ನವಲಗುಂದದ ಜಮಖಾನದಂತಹ ದಪ್ಪ ಹಾಸು ಒಂದನ್ನು ಟವರ್‌ಗೂ ಆಸನಕ್ಕೂ ನಡುವೆ ಹಾಸುವುದರಿಂದ ಉಂಟಾಗುವ ಸುಧಾರಣೆಯು ದುಬಾರಿ ತಂತಿಯಿಂದ ದೊರೆಯುವುದಿಲ್ಲ. ಪೆಟ್ಟಿಗೆಗಳು ಸಾಮಾನ್ಯವಾಗಿ ಒತ್ತಿದ ಮರದ ಪುಡಿಯಿಂದ ತಯಾರಾಗಿದ್ದು, ನೆಲ ಒರೆಸುವ ನೀರು ತಗುಲಿದರೆ ಬುಡ ಊದಿಕೊಳ್ಳುತ್ತದೆ. ಜೊತೆಗೆ ಬಂದಿರುವ ಕಾಲುಗಳನ್ನು ತಪ್ಪದೆ ಅಳವಡಿಸಬೇಕು. ಚಿಕ್ಕ ಮಕ್ಕಳಿರುವ ಮನೆಗಳಲ್ಲಿ, ಎಳೆದಾಗ ಟವರ್ ಉರುಳದಂತೆ ಗೋಡೆಗೆ ಪಟ್ಟಿ ಬಿಗಿಯುವುದು ಅವಶ್ಯಕ.

ನೆರೆಹೊರೆಯವರ ಹಕ್ಕನ್ನೂ ಮರೆಯುವಂತಿಲ್ಲ. ಶಬ್ದ ಮಾಲಿನ್ಯ (ನಿಯಂತ್ರಣ) ನಿಯಮಗಳು, 2000ರ ಮೇರೆಗೆ ವಸತಿ ಪ್ರದೇಶದ ಮಿತಿಯು ಹಗಲಿನಲ್ಲಿ 55 ಹಾಗೂ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ 45 ಡೆಸಿಬಲ್. ಖಾಸಗಿ ಸ್ಥಳದ ಧ್ವನಿ ವ್ಯವಸ್ಥೆಯ ಶಬ್ದವು ಆ ಸ್ಥಳದ ಗಡಿಯಲ್ಲಿ ಈ ಮಿತಿಯನ್ನು 5 ಡೆಸಿಬಲ್‌ಗಿಂತ ಹೆಚ್ಚು ಮೀರುವಂತಿಲ್ಲ.

ದೂರು ಸಲ್ಲಿಸುವ ವಿಧಾನ

ಗರಿಷ್ಠ ಬೆಲೆಗಿಂತ ಹೆಚ್ಚು ಹಣ ಪಡೆದಲ್ಲಿ ಅಥವಾ ಪೊಟ್ಟಣದ ಮೇಲೆ ಕಡ್ಡಾಯ ವಿವರಗಳಿಲ್ಲದಿದ್ದಲ್ಲಿ ತಮ್ಮ ಜಿಲ್ಲೆಯ ಕಾನೂನು ಮಾಪನಶಾಸ್ತ್ರ ಇಲಾಖೆಯ ಅಧಿಕಾರಿಗಳಿಗೆ ಬಿಲ್ಲಿನ ಪ್ರತಿ ಮತ್ತು ಪೆಟ್ಟಿಗೆಯ ಛಾಯಾಚಿತ್ರದೊಂದಿಗೆ ದೂರು ಸಲ್ಲಿಸಬಹುದು. ಸ್ಪೀಕರ್‌ನ ದೋಷ, ವಾರಂಟಿ ನಿರಾಕರಣೆ ಅಥವಾ ಸುಳ್ಳು ಜಾಹೀರಾತಿಗೆ ಸಂಬಂಧಿಸಿದಂತೆ ಮೊದಲು ಮಾರಾಟಗಾರರಿಗೆ ಲಿಖಿತವಾಗಿ ತಿಳಿಸಿ, ಉತ್ತರ ಬಾರದಿದ್ದಲ್ಲಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಕನ್ನಡದಲ್ಲಿಯೂ ಮಾತನಾಡಬಹುದಾಗಿದೆ.

ಅಲ್ಲಿಯೂ ಪರಿಹಾರ ದೊರೆಯದಿದ್ದಲ್ಲಿ ಜಿಲ್ಲಾ ಗ್ರಾಹಕರ ವ್ಯಾಜ್ಯ ಪರಿಹಾರ ಆಯೋಗಕ್ಕೆ ದೂರು ಸಲ್ಲಿಸತಕ್ಕದ್ದು. ಮಾರಾಟಗಾರರು ಬೇರೆ ಊರಿನವರಾಗಿದ್ದರೂ ತಾವು ವಾಸಿಸುವ ಅಥವಾ ದುಡಿಯುವ ಸ್ಥಳದ ಆಯೋಗದಲ್ಲಿಯೇ ಸಲ್ಲಿಸಲು 2019ರ ಅಧಿನಿಯಮವು ಅವಕಾಶ ಕಲ್ಪಿಸಿದೆ. ಪಾವತಿಸಿದ ಮೊತ್ತ ರೂ. 5 ಲಕ್ಷದವರೆಗಿದ್ದಲ್ಲಿ ಶುಲ್ಕವಿಲ್ಲ. ವಕೀಲರನ್ನು ನೇಮಿಸಿಕೊಳ್ಳುವುದು ಕಡ್ಡಾಯವಲ್ಲ. ತೊಂದರೆ ಉಂಟಾದ ದಿನಾಂಕದಿಂದ ಎರಡು ವರ್ಷಗಳೊಳಗೆ ದೂರು ಸಲ್ಲಿಸಬೇಕು. ದೂರಿನಲ್ಲಿ ಉಭಯತರ ಹೆಸರು ಮತ್ತು ವಿಳಾಸ, ನಡೆದ ಸಂಗತಿ, ಕೋರುವ ಪರಿಹಾರವನ್ನು ಬರೆದು, ಬಿಲ್ಲು, ವಾರಂಟಿ ಪತ್ರ, ಪತ್ರವ್ಯವಹಾರದ ಪ್ರತಿಗಳು ಮತ್ತು ಪ್ರಮಾಣಪತ್ರವನ್ನು ಲಗತ್ತಿಸಬೇಕು. 2025ರ ಜನವರಿ 1ರಂದು ಆರಂಭವಾದ ಇ-ಜಾಗೃತಿ ಜಾಲತಾಣದ ಮೂಲಕವೂ ಸಲ್ಲಿಸಬಹುದು.

ದೋಷವು ಪ್ರಯೋಗಾಲಯದ ಪರೀಕ್ಷೆಯಿಲ್ಲದೆ ನಿರ್ಧಾರವಾಗದು ಎನಿಸಿದಲ್ಲಿ ಆಯೋಗವು ವಸ್ತುವನ್ನು ಪರೀಕ್ಷೆಗೆ ಕಳುಹಿಸಬಹುದು. ಅದರ ಶುಲ್ಕವನ್ನು ದೂರುದಾರರು ಠೇವಣಿ ಇರಿಸಬೇಕಾಗಬಹುದು. ಪರೀಕ್ಷೆ ಬೇಕಿಲ್ಲದ ಪ್ರಕರಣಗಳಿಗೆ ಎದುರುದಾರರಿಗೆ ನೋಟೀಸು ತಲುಪಿದಂದಿನಿಂದ ಮೂರು ತಿಂಗಳು, ಬೇಕಿರುವ ಪ್ರಕರಣಗಳಿಗೆ ಐದು ತಿಂಗಳುಗಳೊಳಗೆ ತೀರ್ಮಾನಿಸಲು ಪ್ರಯತ್ನಿಸಬೇಕೆಂದು ಅಧಿನಿಯಮವು ಹೇಳುತ್ತದೆ; ವಾಸ್ತವದಲ್ಲಿ ಇದಕ್ಕಿಂತ ಹೆಚ್ಚು ಸಮಯ ಹಿಡಿಯಬಹುದು. ಅಲ್ಲಿಯವರೆಗೆ ಕೆಟ್ಟ ಸ್ಪೀಕರನ್ನು ಹೊರಗಿನವರಿಂದ ಬಿಚ್ಚಿಸಬಾರದು. ಆದೇಶದಿಂದ ಬಾಧಿತರಾದವರು 45 ದಿನಗಳೊಳಗೆ ರಾಜ್ಯ ಆಯೋಗಕ್ಕೆ ಮೇಲ್ಮನವಿ ಸಲ್ಲಿಸಬಹುದಾಗಿದೆ.